ದೊಡ್ಡಮ್ಮ ಸುಳ್ಳು ಅಂದ ಅಳು

ನನ್ನ ದೊಡ್ಡಮ್ಮ ಸಮವಸ್ತ್ರ ಹೊಲಿಯುತ್ತಿದ್ದವಳು. ನರ್ಸುಗಳ ಕೋಟು, ಕಾರ್ಖಾನೆಯವರ ಅಂಗಿ, ಶಾಲೆ ಮಕ್ಕಳ ಚಡ್ಡಿ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಎರಡು ಮೆಷಿನ್ ಹಾಕಿಕೊಂಡಿದ್ದಳು. ಒಂದರಲ್ಲಿ ಅವಳು ಕೂರುತ್ತಿದ್ದಳು, ಇನ್ನೊಂದರಲ್ಲಿ ನಾನು. ಮದುವೆ ಯಾಕೆ ಆಗಲಿಲ್ಲ ಅಂತ ಯಾರಾದರೂ ಕೇಳಿದರೆ, ಗುಂಡುಸೂಜಿ ಕಚ್ಚಿಕೊಂಡೇ "ಅಳತೆ ಸರಿಹೋಗಲಿಲ್ಲ" ಅನ್ನುತ್ತಿದ್ದಳು.

ವರ್ಷದಲ್ಲಿ ಒಂದು ವಾರ ಮಾತ್ರ ನಾಲ್ಕು ಗಂಟೆಗೇ ಮೆಷಿನ್ ಮುಚ್ಚುತ್ತಿದ್ದಳು. ಊರಿನ ಹಳೇ ಉಗ್ರಾಣವೊಂದರಲ್ಲಿ ಸಣ್ಣ ಸಣ್ಣ ತಂಡಗಳ ನಾಟಕೋತ್ಸವ ನಡೆಯುತ್ತಿತ್ತು. ಅರವತ್ತು ಪ್ಲಾಸ್ಟಿಕ್ ಕುರ್ಚಿ, ಆರು ದೀಪ, ಪರದೆಯ ಜಾಗದಲ್ಲಿ ಒಂದು ಕಪ್ಪು ಬಟ್ಟೆ. ಕೆಲವು ನಾಟಕಗಳಿಗೆ ನೋಡುವವರಿಗಿಂತ ಆಡುವವರೇ ಹೆಚ್ಚು. ದೊಡ್ಡಮ್ಮ ಮಾತ್ರ ಒಂದನ್ನೂ ಬಿಡುತ್ತಿರಲಿಲ್ಲ, ಜೊತೆಗೆ ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದಳು.

ಆಟ ಮುಗಿದ ಮೇಲೆ ನಟರು ಹೊರಗೆ ಚಹಾ ಕುಡಿಯುತ್ತಾ ನಿಲ್ಲುತ್ತಿದ್ದರು. ಇವಳು ಹೋಗಿ ಅನಿಸಿದ್ದನ್ನು ಮುಖಕ್ಕೇ ಹೇಳುವಳು. "ರಾಜನ ಪಾತ್ರ ಚೆನ್ನಾಗಿ ಮಾಡ್ದೆ ಕಣಪ್ಪಾ, ಸತ್ತ ಮೇಲಂತೂ ಇನ್ನೂ ಚೆನ್ನಾಗಿ ಮಾಡ್ದೆ." ಇನ್ನೊಬ್ಬನಿಗೆ, "ನಿಮ್ಮ ನಾಟಕ ಮುಕ್ಕಾಲು ಗಂಟೆಗೇ ಮುಗಿದಿತ್ತು, ನಿಮಗೆ ಗೊತ್ತಾಗಲಿಲ್ಲ ಅಷ್ಟೆ." ಅವರು ನಗುತ್ತಿದ್ದರು. ಕತ್ತರಿ ಅಕ್ಕ ಅಂತ ಹೆಸರಿಟ್ಟಿದ್ದರು. ಬೈಸಿಕೊಂಡವರೇ ಮರುವರ್ಷ ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ಅವಳು ಹೊಗಳಿದರೆ ಅದು ಮುಖಸ್ತುತಿಯಲ್ಲ ಅನ್ನುವುದು ಅವರಿಗೆ ಗೊತ್ತಿತ್ತು.

ಒಂದು ವರ್ಷ ಇಬ್ಬರೇ ನಟರ ನಾಟಕವೊಂದು ಬಂತು, ಅಪ್ಪ ಮತ್ತು ಮಗಳದ್ದು. ಅಮ್ಮ ತೀರಿಕೊಂಡಿದ್ದಾಳೆ, ಮಗಳು ಅವಳ ಬಟ್ಟೆಬರೆ ಕಟ್ಟಿಡುತ್ತಿದ್ದಾಳೆ, ಅಪ್ಪ ಒಂದೊಂದನ್ನೇ ವಾಪಸ್ ಕಪಾಟಿಗೆ ಇಡುತ್ತಾನೆ. ಮಗಳಾಗಿದ್ದವಳಿಗೆ ಇಪ್ಪತ್ತೆರಡರ ಆಸುಪಾಸು. ಅವಳು ಅಪ್ಪನ ಮೇಲೆ ರೇಗುವುದನ್ನು ನೋಡಿ ದೊಡ್ಡಮ್ಮ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡಳು. ಅವಳಿಗೆ ನಾಟಕ ಹಿಡಿಸಿದೆ ಅಂತ ಅರ್ಥ. ಕೊನೆಯಲ್ಲಿ ಮಗಳು ಅಮ್ಮನ ಸ್ವೆಟರ್ ಮಡಿಸುತ್ತಾ ಅಳಬೇಕಿತ್ತು. ಹುಡುಗಿ ಅಳಲು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಮೂಗು ಸೋರಿತು, ಮಾತು ಮರೆತುಹೋಯಿತು, ಗೋಡೆಯ ಕಡೆ ತಿರುಗಿ ನಿಂತುಬಿಟ್ಟಳು. ಅಪ್ಪನ ಪಾತ್ರದವನು ಏನೇನೋ ಸೇರಿಸಿ ಹೇಗೋ ನಾಟಕ ಮುಗಿಸಿದ.

ಹೊರಗೆ ದೊಡ್ಡಮ್ಮ ಅವಳ ಹತ್ತಿರ ಹೋದಳು. "ಅಲ್ಲೀವರೆಗೂ ನಿನ್ನ ಪೂರ್ತಿ ನಂಬಿದ್ದೆ ಕಣಮ್ಮಾ. ಆದ್ರೆ ಆ ಅಳು ಸುಳ್ಳು. ಅಮ್ಮನ್ನ ಕಳಕೊಂಡೋರು ಹಾಗೆ ಅಳಲ್ಲ."

ಹುಡುಗಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು "ಸರಿ ಅಕ್ಕ" ಅಂದಳು.

ಮರುವರ್ಷ ಆ ತಂಡ ಬಂದಾಗ ಅವಳಿರಲಿಲ್ಲ. "ನಾಟಕ ಬಿಟ್ಲು" ಅಂದರು, ಯಾಕೆ ಅಂತ ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ. ದೊಡ್ಡಮ್ಮ ಎರಡು ದಿನ ಪೇಚಾಡಿಕೊಂಡು ಮರೆತಳು.

ಆರು ವರ್ಷದ ನಂತರ ಒಂದು ಮಧ್ಯಾಹ್ನ ಹೆಂಗಸೊಬ್ಬಳು ಬಿಳಿ ಕೋಟು ಹಿಡಿದು ಅಂಗಡಿಗೆ ಬಂದಳು. ಔಷಧಿ ಕಾರ್ಖಾನೆಯಲ್ಲಿ ಕೆಲಸವಂತೆ, ತೋಳು ಉದ್ದವಾಗಿ ಬೆರಳು ಮುಚ್ಚುತ್ತಿದೆಯಂತೆ. ದೊಡ್ಡಮ್ಮ ಅಳತೆ ತೆಗೆಯುತ್ತಿದ್ದಾಗ ಅವಳು, "ನನ್ನ ಗುರುತು ಸಿಗಲಿಲ್ವಾ ಅಕ್ಕ?" ಅಂತ ಕೇಳಿದಳು. ಸ್ವೆಟರ್ ನಾಟಕದ ವಿಷಯ ಹೇಳಿದಳು.

ದೊಡ್ಡಮ್ಮನ ಮುಖ ಅರಳಿತು. "ನೀನಾ? ಯಾಕಮ್ಮಾ ಬಿಟ್ಟೆ? ನಿನ್ನಲ್ಲಿ ಕಲೆ ಇತ್ತು. ಆ ಅಳು ಒಂದು ಬಿಟ್ರೆ."

ಹೆಂಗಸು ಅಳತೆಗೆ ಕೈ ಚಾಚಿಕೊಂಡೇ ಹೇಳಿದಳು. "ಅವತ್ತು ಮಧ್ಯಾಹ್ನ ಅಮ್ಮ ಆಸ್ಪತ್ರೆಲಿದ್ರು. ಇನ್ನು ಮನೆಗೆ ಕರ್ಕೊಂಡು ಹೋಗಿ ಅಂದ್ಬಿಟ್ರು ಡಾಕ್ಟ್ರು. ನಾನು ತಂಡದಲ್ಲಿ ಯಾರಿಗೂ ಹೇಳಲಿಲ್ಲ, ಹೇಳಿದ್ರೆ ಆಟ ನಿಲ್ಲಿಸ್ತಿದ್ರು. ಎರಡು ದಿನಕ್ಕೆ ಅಮ್ಮ ಹೋದ್ರು."

ದೊಡ್ಡಮ್ಮನ ಕೈಯಲ್ಲಿದ್ದ ಟೇಪು ಅಲ್ಲೇ ನಿಂತಿತು. "ನನ್ನ ಮಾತಿಂದ ಬಿಟ್ಯಾ?"

"ಅದೊಂದರಿಂದಲೇ ಅಂತ ಹೇಳಲ್ಲ. ಅಪ್ಪನ್ನ ನೋಡ್ಕೋಬೇಕಿತ್ತು. ಆದ್ರೆ ಅಕ್ಕ, ಅಮ್ಮನ ಹೆಣದ ಮುಂದೆ ಕೂತು ಅಳ್ತಾ ಇದ್ದಾಗ ನಿಮ್ಮ ಮಾತು ನೆನಪಾಯ್ತು. ಇದೂ ಸುಳ್ಳೇನೋ, ನೋಡೋರಿಗೆ ಹೇಗೆ ಕಾಣ್ತಿದೆಯೋ ಅಂತ ಅನ್ನಿಸ್ತು. ಅಳು ನಿಂತೋಯ್ತು. ಆಮೇಲೆ ಬರಲೇ ಇಲ್ಲ."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ದೊಡ್ಡಮ್ಮನಿಗೆ ಅನುಕೂಲವಾಗುತ್ತಿತ್ತೋ ಏನೋ. ತಪ್ಪಾಯಿತು ಅನ್ನುವ ಬದಲು ಚೀಟಿಯಲ್ಲಿ ತೋಳಿನ ಅಳತೆ ಬರೆದು, ವಿಳಾಸವನ್ನೂ ಕೇಳಿ ಬರೆದುಕೊಂಡಳು. ಹೆಂಗಸು ಶುಕ್ರವಾರ ಬರುತ್ತೇನೆಂದು ಹೊರಟುಹೋದಳು.

ಆ ತೋಳನ್ನು ದೊಡ್ಡಮ್ಮ ಮೂರು ಸಲ ಬಿಚ್ಚಿ ಹೊಲಿದಳು. ಶುಕ್ರವಾರದವರೆಗೂ ಕಾಯದೆ, ಚೀಟಿಯಲ್ಲಿದ್ದ ವಿಳಾಸ ಹಿಡಿದು ತಾನೇ ಮನೆಗೆ ಹೋಗಿ ಕೊಟ್ಟಳು. ಬಾಗಿಲಲ್ಲೇ ನಿಂತು ಕ್ಷಮೆ ಕೇಳಿದಳಂತೆ. ಅವಳು "ಅಯ್ಯೋ ಬಿಡಿ ಅಕ್ಕ, ಒಳಗೆ ಬನ್ನಿ" ಅಂದಳಂತೆ. ಹೊರಡುವಾಗ ಈ ಸಲದ ಉತ್ಸವಕ್ಕೆ ಬಾ ಅಂತ ದೊಡ್ಡಮ್ಮ ಕರೆದಳು. "ನೋಡೋಣ" ಅಂದಳಂತೆ ಆಕೆ.

ಆ ವರ್ಷ ಏಳು ದಿನವೂ ದೊಡ್ಡಮ್ಮ ಪಕ್ಕದ ಕುರ್ಚಿಯ ಮೇಲೆ ಚೀಲ ಇಟ್ಟುಕೊಂಡು ಕೂತಳು. ಯಾರಾದರೂ ಕೇಳಿದರೆ "ಬರ್ತಾರೆ" ಅನ್ನುವಳು. ಆಕೆ ಬರಲಿಲ್ಲ. ನಾಟಕ ಮುಗಿದ ಮೇಲೆ ಹುಡುಗರು ಸುತ್ತುವರಿದು "ಹೇಗಿತ್ತು ಅಕ್ಕ?" ಅಂದರೆ, ದೀಪ ಸರಿಯಿತ್ತು, ಹಿಂದಿನವರಿಗೂ ಕೇಳಿಸಿತು ಅನ್ನುತ್ತಿದ್ದಳು. ಅಕ್ಕನಿಗೆ ಹುಷಾರಿಲ್ಲವಾ ಅಂತ ಅವರು ನನ್ನನ್ನು ಬದಿಗೆ ಕರೆದು ಕೇಳಿದರು.

ಕೊನೆಯ ದಿನ ಮನೆಗೆ ನಡೆದುಕೊಂಡು ಬರುತ್ತಾ ನಾನೇ ಕೆದಕಿದೆ. "ಗೊತ್ತಿಲ್ಲದೆ ಅಂದಿದ್ದು ದೊಡ್ಡಮ್ಮಾ. ಎಷ್ಟು ದಿನ ಹೀಗೆ?"

ಅವಳು ಒಂದು ಕಂಬದ ಹತ್ತಿರ ನಿಂತಳು. "ನಮ್ಮಮ್ಮ ಸತ್ತಾಗ ನನಗೆ ಅಳು ಬರಲಿಲ್ಲ ಕಣೆ. ನಿಮ್ಮಮ್ಮ ಗೋಳಾಡಿದ್ಲು. ನಾನು ಬಂದೋರಿಗೆ ಚಾಪೆ ಹಾಕ್ತಾ ಓಡಾಡ್ಕೊಂಡಿದ್ದೆ. ಕಳಕೊಂಡೋರೆಲ್ಲ ಹಾಗೇ ಇರ್ತಾರೆ, ಅಳೋರು ತೋರಿಕೆಗೆ ಅಳ್ತಾರೆ ಅಂತ ಅಂದ್ಕೊಂಡೇ ಇಷ್ಟು ವರ್ಷ ಕಳೆದೆ."

ಸೆರಗಿನಿಂದ ಬಾಯಿ ಒತ್ತಿಕೊಂಡು ಮುಂದೆ ನಡೆದಳು.

ಈಗ ಅವಳಿಗೆ ಉಗ್ರಾಣದ ಮೆಟ್ಟಿಲು ಹತ್ತಲಾಗುವುದಿಲ್ಲ. ಉತ್ಸವಕ್ಕೆ ನಾನೊಬ್ಬಳೇ ಹೋಗಿ, ಬಂದು ಮಂಚದ ಪಕ್ಕ ಕೂತು ಕಥೆ ಹೇಳುತ್ತೇನೆ. ಯಾರು ಹೇಗೆ ಮಾಡಿದರು ಅಂತ ಅವಳು ಕೇಳುವುದಿಲ್ಲ. ಎಷ್ಟು ಜನ ಬಂದಿದ್ದರು, ಮಧ್ಯದಲ್ಲಿ ಯಾರಾದರೂ ಎದ್ದುಹೋದರಾ ಅಂತ ಕೇಳುತ್ತಾಳೆ. ಇಲ್ಲ, ಎಲ್ಲರೂ ಕೊನೆವರೆಗೂ ಕೂತಿದ್ದರು ಅಂದರೆ ಹೂಂ ಅಂದು ಗೋಡೆಯ ಕಡೆ ಹೊರಳುತ್ತಾಳೆ.