ಟವೆಲ್ ಹಾಕಿ ಸೀಟು ಹಿಡಿದ ಗುರುಗಳು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಈ ಸೀಮೆಯಲ್ಲಿ ಜರ್ಮನ್ ಕಲಿಸಿದವರು ಯಾರೆಂದು ಕೇಳಿದರೆ ಪೂಜ್ಯ ರಘೋತ್ತಮ ಸರ್ ಅವರ ಹೆಸರು ಹೇಳಬಹುದು. ಎರಡನೆಯ ಹೆಸರಿಗೆ ತಲೆ ಕೆರೆದುಕೊಳ್ಳಬೇಕು. ಸಂಸ್ಕೃತ ಪಂಡಿತರ ಮನೆಯಲ್ಲಿ ಹುಟ್ಟಿ, ಸವದತ್ತಿಯಿಂದ ಬೈಲಹೊಂಗಲದ ನಮ್ಮ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಬಂದು, ಬೆರಳೆಣಿಕೆಯ ವಿದ್ಯಾರ್ಥಿಗಳಿಗೂ ತುಂಬಿದ ಸಭೆಗೆ ಹೇಳುವ ದನಿಯಲ್ಲೇ ಪಾಠ ಹೇಳಿದ ಅವರು ಈಗ ನಿವೃತ್ತರಾಗುತ್ತಿದ್ದಾರೆ.

ನಾನು ಮರೆಯಲಾಗದ್ದು ‘ಯುಬರ್‌ಫ್ಯುಲ್ಟ್’ ಎಂಬ ವಿಶೇಷಣದ ಪಾಠ. ‘ಫೋಲ್’ ಎಂದರೆ ತುಂಬಿದ್ದು. ಇದು ಮಿತಿ ಮೀರಿ ತುಂಬಿದ್ದು, ಕಿಕ್ಕಿರಿದದ್ದು. ‘ಬಸ್ಸು ಕಿಕ್ಕಿರಿದಿದೆ’ ಎನ್ನುವಾಗ ಪದ ಇದ್ದಂತೆಯೇ ಇರುತ್ತದೆ. ‘ಕಿಕ್ಕಿರಿದ ಬಸ್ಸು’ ಎನ್ನುವಾಗ ಅದಕ್ಕೊಂದು ಬಾಲ ಬರುತ್ತದೆ. ಯಾವ ಬಾಲ ಎಂಬಲ್ಲಿ ನಾನು ಎಡವುತ್ತಿದ್ದೆ. ಜರ್ಮನ್ನಿನಲ್ಲಿ ಬಸ್ಸು ಪುಲ್ಲಿಂಗ.

“ಕಿಟಕ್ಯಾಗಿಂದ ಟವೆಲ್ ಒಗದು ಸೀಟ್ ಹಿಡೀತೀವಲ್ಲ, ಹಂಗ ತಿಳ್ಕೋ,” ಎಂದರು ಸರ್. “ಮೊದಲ ‘ಆ’ ಅನ್ನೂ ‘ಡೇರ್’ ಇದ್ರ ಅದು ಪುಲ್ಲಿಂಗದ ಟವೆಲ್ ಒಗದಿರ್ತದ, ‘ಯುಬರ್‌ಫ್ಯುಲ್ಟೆ’ ಅಂದ್ರ ಸಾಕು. ‘ಒಂದು’ ಅನ್ನೂ ‘ಐನ್’ ಇದ್ರ ಟವೆಲ್ ಇರೂದಿಲ್ಲ. ‘ಯುಬರ್‌ಫ್ಯುಲ್ಟರ್’ ಅಂತ ವಿಶೇಷಣಾನ ಟವೆಲ್ ಒಗೀಬೇಕು.”

ಆ ವರ್ಷ ಪರೀಕ್ಷೆಗೆ ಕಟ್ಟಿದವಳು ನಾನೊಬ್ಬಳೇ. ಒಬ್ಬರೂ ಪಾಸಾಗದಿದ್ದರೆ ಜರ್ಮನ್ ತರಗತಿಯನ್ನೇ ಮುಚ್ಚುವುದೆಂದು ಆಡಳಿತ ಮಂಡಳಿ ತೀರ್ಮಾನಿಸಿತ್ತು. ಪರೀಕ್ಷೆ ಧಾರವಾಡದಲ್ಲಿ, ಅಂದೇ ಹುಣ್ಣಿಮೆ. ನಾನು ನಮ್ಮೂರು ಹೂಲಿಯಿಂದ ಸವದತ್ತಿಯ ನಿಲ್ದಾಣಕ್ಕೆ ಬಂದಾಗ ಎಲ್ಲಮ್ಮನ ದರ್ಶನ ಮುಗಿಸಿ ಹೊರಟವರ ನಡುವೆ ಬಸ್ಸಿನ ಬಾಗಿಲೇ ಕಾಣಲಿಲ್ಲ. ನನ್ನ ಜೊತೆಗೆ ಬರಲೆಂದು ಮೊದಲೇ ಹತ್ತಿ ಕೂತಿದ್ದ ಸರ್ ಕಿಟಕಿಯಿಂದ ಕೂಗಿದರು: “ಹರಿಪ್ರಿಯಾ, ಹೆಂಗರ ಮಾಡಿ ಹತ್ತವಾ. ಸೀಟ್ ಹಿಡದೇನಿ.”

ನುಗ್ಗಿ ಒಳಗೆ ಹೋದೆ. ಅವರ ಪಕ್ಕದ ಸೀಟಿನ ಮೇಲೆ ಅವರದೇ ಟವೆಲ್. ನಿಂತವರೊಬ್ಬರು, “ಯಾರಿಗ್ರೀ ಇದು?” ಎಂದು ಜಗಳಕ್ಕೆ ಬಂದಿದ್ದರು.

“ನನ್ನ ಮಗಳಿಗ್ರಿ.”

ಸುಳ್ಳಾಡಿ ಗೊತ್ತಿಲ್ಲದ ಮನುಷ್ಯ ಅವರು. ನಾನು ಟವೆಲ್ ಎತ್ತಿ ಮಡಚಿಕೊಂಡು ಕೂತೆ.

ನನ್ನ ಹಿಂದೆಯೇ ಹತ್ತಿದ ನಮ್ಮೂರ ಕೃಷ್ಣವ್ವಜ್ಜಿಗೆ ಸರ್ ತಮ್ಮ ಸೀಟು ಬಿಟ್ಟುಕೊಟ್ಟು, ಧಾರವಾಡದವರೆಗೂ ನಿಂತೇ ನನ್ನನ್ನು ಪ್ರಶ್ನೆ ಕೇಳಿದರು. ಕೇಳುವಷ್ಟು ಕೇಳಿದ ಅಜ್ಜಿ, “ಬಸ್ ತುಂಬೇತಿ ಅನ್ನಾಕ ಇಷ್ಟ್ ಯಾಕ ಒದ್ದಾಡ್ತೀರಿ ಮಾಸ್ತರ? ನಿಂತಾವ್ರಿಗೆ ಗೊತ್ತಾಕ್ಕೈತಿ,” ಎಂದಳು. ಸರ್ ನಕ್ಕು ಮುಂದಿನ ಪ್ರಶ್ನೆ ಕೇಳಿದರು.

ನಾನು ಪಾಸಾದೆ, ತರಗತಿ ಉಳಿಯಿತು. ಈಗ ಅದನ್ನು ನನ್ನ ಕೈಗೇ ಒಪ್ಪಿಸಿದ್ದಾರೆ. ಅವರ ಕಾಲದಲ್ಲಿ ಅದು ಒಮ್ಮೆಯೂ ಕಿಕ್ಕಿರಿಯಲಿಲ್ಲ; ನನ್ನ ಕಾಲದಲ್ಲೂ ಅಂಥ ಲಕ್ಷಣವೇನಿಲ್ಲ. ಗುರುಗಳು ನೂರ್ಕಾಲ ಬಾಳಲಿ, ಕೈಗೆತ್ತಿಕೊಂಡ ಜರ್ಮನ್-ಕನ್ನಡ ಪದಕೋಶ ಪೂರೈಸಲಿ, ಮನಸ್ಸಾದಾಗ ತರಗತಿಗೆ ಬರುತ್ತಿರಲಿ. ಮೊದಲ ಬೆಂಚಿನ ಮೇಲೆ ನನ್ನ ಟವೆಲ್ ಹಾಸಿಟ್ಟಿದ್ದೇನೆ. ಯಾರಿಗೆಂದು ವಿದ್ಯಾರ್ಥಿಗಳು ಕೇಳಿದರೆ, ನಮ್ಮ ತಂದೆಯವರಿಗೆ ಎನ್ನುತ್ತೇನೆ.