ಅತ್ತೆಯ ಅಳತೆಗೊಂದು ಪಿಕಪ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಐದಡಿಯೂ ಇಲ್ಲದ ನನ್ನ ಸೋದರತ್ತೆಗೆಂದು ಒಂದು ಹಳೆಯ ಪಿಕಪ್ಪನ್ನು ಹೊಸದಾಗಿ ಕಟ್ಟಿಸಲು ಹೊರಟು, ಅದನ್ನು ಹುಣಿಸೆಕಾಯಿ ಕೀಳುವ ದೋಟಿಯಂತಿರುವ ನನ್ನ ಮೈಗೆ ಕಟ್ಟಿಸಿದ ದಡ್ಡ ನಾನೇ. ತಪ್ಪು ಅಲ್ಲಿಗೇ ನಿಂತಿದ್ದರೆ ಮನೆಯವರು ನಾಲ್ಕು ದಿನ ನಕ್ಕು ಮರೆಯುತ್ತಿದ್ದರು. ನಾನು ಅದರ ಮೇಲೆ ಬಾಯಿಯನ್ನೂ ಆಡಿಸಿದೆ.

ನನ್ನ ಬಾಯಿಯ ಸಂಗತಿ ನಮ್ಮ ಕಡೆ ಗೊತ್ತಿರುವುದೇ. ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಊರುಗಳ ಹೆಸರನ್ನೆಲ್ಲ ಮೂಗಿನಿಂದಲೇ ಕೂಗುವ ಕಂಡಕ್ಟರು, ಮದುವೆಯ ಊಟದಲ್ಲಿ ಎರಡನೇ ಸಲ ಪಾಯಸ ಬರಲಿಲ್ಲವೆಂದು ಮುನಿಸಿಕೊಳ್ಳುವ ನಮ್ಮಪ್ಪ, ಹುಡುಗಿಯರು ಎದುರಾದರೆ ಥಟ್ಟನೆ ಇಂಗ್ಲಿಷಿಗೆ ತಿರುಗಿ ಎರಡನೇ ವಾಕ್ಯಕ್ಕೇ ಸಿಕ್ಕಿಬೀಳುವ ನಾನು, ಹೀಗೆ ಯಾರನ್ನೂ ಬಿಡದೆ ಅಣಕಿಸಿ ಆಡಿ ತೋರಿಸುತ್ತೇನೆ. ಅತ್ತೆಯನ್ನು ಮಾತ್ರ ಯಾವತ್ತೂ ಮುಟ್ಟಿರಲಿಲ್ಲ. ಆಕೆಯದು ಮಾತು ಕಡಿಮೆ. ಅಂಥವರನ್ನು ಅಣಕಿಸುವುದು ಕಷ್ಟ.

ಅತ್ತೆಯ ಮನೆ ಮೇಲೂರಿನ ಹತ್ತಿರ. ರೇಷ್ಮೆ ಹುಳು ಸಾಕುತ್ತಾರೆ. ಪಿಕಪ್ಪು ಮಾವನದು: ಉದ್ದ ಮೂಗು, ದುಂಡು ದೀಪ, ಹಾಕಿದರೆ ಬೀದಿಗೆಲ್ಲ ಕೇಳುವ ಕಬ್ಬಿಣದ ಬಾಗಿಲು. ಮಾವ ಇದ್ದಾಗ ಪ್ರತಿ ಬೆಳೆಗೂ ಇಬ್ಬರೂ ಅದರಲ್ಲೇ ಗೂಡು ತುಂಬಿಕೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುತ್ತಿದ್ದರು. ಮಾವ ತೀರಿಕೊಂಡ ಮೇಲೆ ಗಾಡಿ ಹೊಂಗೆ ಮರದ ಕೆಳಗೆ ನಿಂತುಬಿಟ್ಟಿತು. ಗೂಡು ಪಕ್ಕದವರ ಟೆಂಪೊ ಹತ್ತಿತು. ಟೆಂಪೊದವನು ಬಂದಾಗಲೇ ಬೆಳಗಾಗಬೇಕು. ಅವನು ನಾಲ್ಕು ಮನೆ ಸುತ್ತಿ ಬರುವಷ್ಟರಲ್ಲಿ ಹರಾಜು ಶುರುವಾಗಿರುತ್ತಿತ್ತು. ಅತ್ತೆ ಯಾರಿಗೂ ಹೇಳದೆ ಡ್ರೈವಿಂಗ್ ಕಲಿತರು. ಲೈಸೆನ್ಸ್ ಕೈಗೆ ಬಂದ ದಿನ ನನಗೆ ಫೋನ್ ಮಾಡಿ, "ಮುಂದಿನ ಬೆಳೆ ನಾನೇ ಮಾರ್ಕೆಟ್ಟಿಗೆ ಹೊಡ್ಕೊಂಡು ಹೋಗ್ಬೇಕು ಕಣಪ್ಪ. ಗಾಡಿ ಎಬ್ಬಿಸಿ ಕೊಡು," ಎಂದರು. ಆಕೆ ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು.

ಎಬ್ಬಿಸು ಎಂದರೆ ಎಬ್ಬಿಸಿ ಸುಮ್ಮನಿರುವ ಜಾತಿಯೇ ನಾನು? ಗಾಡಿಯನ್ನು ಚಿಂತಾಮಣಿಗೆ ಎಳೆಸಿದೆ. ಅಲ್ಲಿಯ ಗ್ಯಾರೇಜಿನ ಅಣ್ಣ ಅರ್ಧ ಕನ್ನಡ ಅರ್ಧ ತೆಲುಗಿನ ಮನುಷ್ಯ. ಇಂಜಿನ್ನಿನ ಕೆಲಸಕ್ಕಿಂತ ಅವನಿಗೆ ಅಲಂಕಾರದ ಮೇಲೆ ಆಸೆ. ಇಬ್ಬರು ಹುಚ್ಚರು ಸೇರಿದಂತಾಯಿತು. ಕಮಾನು ಪಟ್ಟೆ ಬದಲಿಸಿ ಗಾಡಿಯನ್ನು ಎತ್ತರಿಸಿದೆವು, ದಪ್ಪ ಟೈರು ತೊಡಿಸಿದೆವು. ಗೌರಿಬಿದನೂರಿನ ಗುಜರಿ ಅಂಗಡಿಯಿಂದ ಫಳಫಳ ಹೊಳೆಯುವ ಒಂದು ಜಾಲರಿ ತಂದು ಮೂಗಿಗೆ ಕೂರಿಸಿದೆವು. ಮುಂದಿನ ಉದ್ದ ಸೀಟು ಕಿತ್ತು, ಯಾವುದೋ ನಜ್ಜುಗುಜ್ಜಾದ ಕಾರಿನ ಎರಡು ಬಿಡಿ ಸೀಟು ತಂದು ಬೋಲ್ಟು ಹಾಕಿದೆವು. ಅಳತೆ ನೋಡಲು ಕೂತವನು ನಾನು. "ಕಾಲು ಸರಿ ಹೋಯ್ತಾ?" ಎಂದು ಅಣ್ಣ ಕೇಳಿದ, "ಸಿಂಹಾಸನ ಕಣಣ್ಣ," ಎಂದೆ. ಹಿಂದಿನ ತೊಟ್ಟಿಗೆ ತಗಡಿನ ಮುಚ್ಚಳ, ಮೈಗೆಲ್ಲ ಮಾವಿನ ಚಿಗುರಿನ ತಾಮ್ರದ ಬಣ್ಣ. ನಾನು ದಿನಾ ಫೋಟೊ ಹಾಕುತ್ತಿದ್ದೆ. ಗೆಳೆಯರು "ನಿನ್ನ ಗಾಡಿ ಸೂಪರ್" ಎಂದು ಬರೆಯುತ್ತಿದ್ದರು. ನಾನು ತಿದ್ದಲಿಲ್ಲ.

ಹುಳು ಮನೆಗೆ ಬರುವ ಮುಂಚೆ ಬಿಡುವು ಮಾಡಿಕೊಂಡು ಅತ್ತೆ ಬಸ್ಸಿನಲ್ಲಿ ಗಾಡಿ ನೋಡಲು ಬಂದರು. ಒಂದು ಸುತ್ತು ಹಾಕಿದರು. ತೊಟ್ಟಿಯ ಮುಚ್ಚಳ ತಟ್ಟಿ, "ಗೂಡೊಳಗೆ ಜೀವ ಇರ್ತದಲ್ಲಪ್ಪ, ಉಸಿರು ಎಲ್ಲಿಂದ?" ಎಂದರು. ಹೌದು, ಮುಚ್ಚಿಟ್ಟರೆ ಗೂಡು ಬೆವರಿ ನೀರು ಬಿಡುತ್ತದೆ, ಆ ಗೂಡಿನ ನೂಲು ಸರಿಯಾಗಿ ಬಿಚ್ಚುವುದಿಲ್ಲ. ಹುಳುವಿನ ಮನೆಗಳ ನಡುವೆ ಬೆಳೆದ ನನಗೆ ಅದು ಹೊಳೆದಿರಲಿಲ್ಲ. ಆಮೇಲೆ ಬಾಗಿಲು ತೆಗೆದು ಹತ್ತಲು ನೋಡಿದರು. ಕಾಲು ಅರ್ಧಕ್ಕೆ ಹೋಗಿ ಇಳಿಯಿತು. ಮತ್ತೆ ಎತ್ತಿದರು, ಮತ್ತೆ ಇಳಿಯಿತು. ಮೂರನೆಯ ಸಲ ಅಣ್ಣ ಒಂದು ಡಬ್ಬ ತಂದಿಟ್ಟ. ಡಬ್ಬದ ಮೇಲೆ ನಿಂತು ಹತ್ತಿ ಕೂತರೆ ಕ್ಲಚ್ಚು ಪಾದಕ್ಕೆ ಸಿಗದು, ಗಾಜಿನಲ್ಲಿ ಬಾನೆಟ್ ಬಿಟ್ಟು ಬೇರೇನೂ ಕಾಣದು.

ಇಳಿದು ಸೆರಗು ಸರಿ ಮಾಡಿಕೊಂಡು, "ಚೆನ್ನಾಗಿದೆ ಕಣಪ್ಪ. ಯಾರ್ದು ಗಾಡಿ?" ಎಂದರು. ಬಸ್ಸಿಗೆ ಹೊರಟುಹೋದರು.

ನಾಚಿಕೆಯಾದಾಗ ಕೆಲವರು ಸುಮ್ಮನಾಗುತ್ತಾರೆ. ನಾನು ನಾಟಕ ಶುರು ಮಾಡುತ್ತೇನೆ. ಗ್ಯಾರೇಜಿನ ಅಣ್ಣ ಮತ್ತು ಟ್ರ್ಯಾಕ್ಟರ್ ರಿಪೇರಿಗೆ ಬಂದಿದ್ದ ಇಬ್ಬರು ರೈತರ ಎದುರು, ಟವಲ್ಲನ್ನು ಸೆರಗು ಮಾಡಿಕೊಂಡು, ಎಡಗಾಲು ಎಳೆಯುತ್ತಾ, ಉಸ್ ಎನ್ನುತ್ತಾ ಗಾಡಿ ಹತ್ತಿ ತೋರಿಸಿದೆ. ರೈತರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನಗು ಒಮ್ಮೆಗೇ ನಿಂತಿತು. ತಿರುಗಿ ನೋಡಿದರೆ, ಬೆಂಚಿನ ಮೇಲೆ ಮರೆತಿದ್ದ ಚೀಲ ತೆಗೆದುಕೊಳ್ಳಲು ಬಂದ ಅತ್ತೆ ಬಾಗಿಲಲ್ಲಿ ನಿಂತಿದ್ದಾರೆ.

"ಎಡಗಾಲಲ್ಲ ಕಣೋ," ಎಂದರು ಚೀಲ ಹೆಗಲಿಗೇರಿಸುತ್ತಾ, "ನನಗೆ ನೋಯೋದು ಬಲಗಾಲು."

ಅಷ್ಟೇ. ಬೈದಿದ್ದರೆ ನಾನು ಆ ಬೈಗುಳವನ್ನೂ ಆಡಿ ತೋರಿಸಿ ಬದುಕಿಕೊಳ್ಳುತ್ತಿದ್ದೆ.

ಮತ್ತೆ ಬಂದು ಅಳತೆ ಕೊಡಿ ಎಂದು ಕೇಳುವ ಧೈರ್ಯ ಬರುವಷ್ಟರಲ್ಲಿ ಹುಳು ಮನೆ ತುಂಬಿತ್ತು. ನಾಲ್ಕನೇ ಜ್ವರ, ಎಂದರೆ ಹುಳು ಕೊನೆಯ ಸಲ ಪೊರೆ ಬಿಡುವ ಹೊತ್ತು, ದಾಟಿದ ಮೇಲೆ ಅವು ಮಳೆ ಸುರಿದ ಹಾಗೆ ಸದ್ದು ಮಾಡುತ್ತಾ ಸೊಪ್ಪು ತಿನ್ನುತ್ತವೆ. ಆಗ ಸಾಕುವವರು ಹೊಸಿಲು ದಾಟುವುದಿಲ್ಲ. ಬೇರೆಯವರನ್ನು ಒಳಗೆ ಬಿಡುವುದೂ ಇಲ್ಲ. ಅದರಲ್ಲೂ ಬಣ್ಣ, ಥಿನ್ನರ್ ನಾರುವ ನಮ್ಮಂಥವರು ಆ ಬೀದಿಗೇ ಬರಬಾರದು. ವಾಸನೆ ತಾಗಿದರೆ ಹುಳು ಮೇವು ಬಿಡುತ್ತದೆ. ಅತ್ತೆ ಇಲ್ಲಿಗೆ ಬರುವಂತಿಲ್ಲ, ನಾವು ಅಲ್ಲಿಗೆ ಹೋಗುವಂತಿಲ್ಲ. ಗೂಡಾಗುವಷ್ಟರಲ್ಲಿ ಗಾಡಿ ಆಗದಿದ್ದರೆ ಈ ಬೆಳೆಯೂ ಟೆಂಪೊಗೇ.

ದಾರಿ ತೋರಿಸಿದ್ದು ಗ್ಯಾರೇಜಿನ ಅಣ್ಣ. ಸೀಟಿನ ಬೋಲ್ಟು ಬಿಚ್ಚುತ್ತಾ, "ಇಂಕೋ ಸಾರಿ ಚೆಯ್ ಅಬ್ಬಾಯ್," ಎಂದ.

"ಏನು?"

"ಅವತ್ತು ಮಾಡಿದ್ಯಲ್ಲ, ಅಮ್ಮ ಗಾಡಿ ಹತ್ತೋದು. ಇನ್ನೊಂದು ಸಲ ಮಾಡು. ಬಲಗಾಲಲ್ಲಿ."

ಮಾಡಿದೆ. ಅಭ್ಯಾಸಬಲ, ಸ್ವಲ್ಪ ಸೊಂಟ ಹೆಚ್ಚೇ ತಿರುಗಿತು. ಅಣ್ಣ ಸ್ಪ್ಯಾನರ್ ಕೆಳಗಿಟ್ಟ. "ನಗಿಸೋದು ಬ್ಯಾಡ. ಅಮ್ಮನ್ನ ತೋರ್ಸು."

ನಗಿಸದೆ ಒಬ್ಬರನ್ನು ಆಡಿ ತೋರಿಸುವುದು ನನಗೆ ಗೊತ್ತೇ ಇರಲಿಲ್ಲ. ಕಣ್ಣು ಮುಚ್ಚಿ ಆ ದಿನವನ್ನು ಮತ್ತೆ ನೋಡಬೇಕಾಯಿತು. ಅತ್ತೆ ಹತ್ತುವ ಮುಂಚೆ ಒಂದು ಗಳಿಗೆ ನಿಲ್ಲುತ್ತಾರೆ. ಎಡಗೈ ನೆರಿಗೆ ಹಿಡಿಯುತ್ತದೆ, ಆದ್ದರಿಂದ ಆಸರೆಗೆ ಇರುವುದು ಬಲಗೈ ಒಂದೇ. ಅದು ಬಾಗಿಲ ಕಂಬವನ್ನು ಹುಡುಕಿ ಸಿಗದೆ ಗಾಳಿಯಲ್ಲಿ ಉಳಿಯುತ್ತದೆ. ಮೊದಲು ಏರುವುದು ಎಡಗಾಲು. ನೋಯುವ ಕಾಲನ್ನು ಆಮೇಲೆ, ಯಾರೂ ನೋಡದ ಹಾಗೆ, ಎಳೆದುಕೊಳ್ಳುತ್ತಾರೆ. ನನ್ನ ಬಲಗೈ ಗಾಳಿಯಲ್ಲಿ ನಿಂತ ಕಡೆ ಅಣ್ಣ ಸೀಮೆಸುಣ್ಣದ ಗುರುತು ಹಾಕಿ ಅಲ್ಲೊಂದು ಹಿಡಿ ಬೆಸೆದ. ಬಾಗಿಲ ಕೆಳಗೆ ಕೂರಿಸಬೇಕಿದ್ದ ಮೆಟ್ಟಿಲಿನ ಎತ್ತರ ತಿಳಿಯಲು ಮಾತ್ರ ಫೋನ್ ಮಾಡಿದೆ.

"ಅತ್ತೆ, ಮೇಲಿನ ತಟ್ಟೆಗೆ ಸೊಪ್ಪು ಹಾಕೋಕೆ ನಿಂತ್ಕೊಳ್ತೀರಲ್ಲ ಆ ಮಣೆ, ಅದು ಎಷ್ಟೆತ್ತರ?"

ಹಿಂದೆ ಹುಳು ಮೇಯುವ ಸದ್ದು ಕೇಳುತ್ತಿತ್ತು. "ಒಂದು ಗೇಣು, ಮೇಲೆ ನಾಲ್ಕು ಬೆಟ್ಟು. ನನ್ನ ಗೇಣು, ನಿಂದಲ್ಲ," ಎಂದು ಇಟ್ಟುಬಿಟ್ಟರು.

ಗಾಡಿ ತಗ್ಗಿತು. ಸೀಟು ಮುಂದಕ್ಕೆ ಸರಿದು ಮೇಲಕ್ಕೆದ್ದಿತು. ತಗಡಿನ ಮುಚ್ಚಳ ಹೋಗಿ ಬಿದಿರ ತಟ್ಟಿ ಬಂತು. ಜಾಲರಿ ಒಂದನ್ನು ಮಾತ್ರ ಇಬ್ಬರಿಗೂ ಕೀಳಲು ಮನಸ್ಸಾಗಲಿಲ್ಲ. ವಾಸನೆ ಹೋಗಲೆಂದು ಬಾಗಿಲು ತೆರೆದು ಗಾಡಿಯನ್ನು ಬಿಸಿಲಿಗೆ ಬಿಟ್ಟೆವು. ಅಣ್ಣ ದಿನಕ್ಕೆರಡು ಸಲ ಒಳಗೆ ಮೂಗು ತೂರಿಸಿ, ಬೆಳೆ ತನ್ನದೇ ಎಂಬಂತೆ ತಲೆಯಾಡಿಸುತ್ತಿದ್ದ.

ಗೂಡು ಬಿಡಿಸಿದ ಮಾರನೆಯ ಬೆಳಗ್ಗೆ ಗಾಡಿಯನ್ನು ಮನೆ ಮುಂದೆ ತಂದು ನಿಲ್ಲಿಸಿದೆ. ಮಂಡಿ ಎರಡೂ ಸ್ಟೇರಿಂಗಿಗೆ ತಾಗುತ್ತಿದ್ದರಿಂದ ಚಿಂತಾಮಣಿಯಿಂದ ಅಲ್ಲಿಯವರೆಗೆ ಕಪ್ಪೆಯ ಹಾಗೆ ಕೂತು ಓಡಿಸಿದ್ದೆ. ಕ್ರೇಟುಗಳಲ್ಲಿ ಗೂಡನ್ನು ಸಡಿಲವಾಗಿ ತುಂಬಿ ಏರಿಸಿದೆವು. ಸಹಾಯಕ್ಕೆಂದು ಬಂದಿದ್ದ ಅಪ್ಪ, ಅಕ್ಕಪಕ್ಕದವರು ಸುತ್ತ ನಿಂತಿದ್ದರು. ಅತ್ತೆ ಕೈ ತೊಳೆದು ಬಂದು ಗಾಡಿಯ ಮುಂದೆ ಒಂದು ಗಳಿಗೆ ನಿಂತರು. ಎಡಗೈ ನೆರಿಗೆಗೆ ಹೋಯಿತು, ಬಲಗೈ ಹುಡುಕದೆ ಹಿಡಿಯನ್ನು ಹಿಡಿಯಿತು, ಎಡಗಾಲು ಮೆಟ್ಟಿಲಿಗೆ. ಕೂತರು. ಕ್ಲಚ್ಚು ಒತ್ತಿ ನೋಡಿದರು. ನನ್ನ ಕಡೆ ತಿರುಗಿ ಕೀಲಿಗಾಗಿ ಕೈ ಚಾಚಿದರು.

ಆಗ ಅಪ್ಪ ಮುಂದೆ ಬಂದರು. ಅವರಿಗೆ ತಂಗಿಯ ಮೇಲಿನ ಪ್ರೀತಿ ಯಾವಾಗಲೂ ಭಯದ ರೂಪದಲ್ಲೇ ಬರುತ್ತದೆ. "ಮೊದಲನೇ ಸಲ ಕಣಮ್ಮ, ಅದೂ ಲೋಡು. ಮಾರ್ಕೆಟ್ ಹತ್ರ ಗಾಡಿಗಳು ಹೆಂಗೆ ನುಗ್ತವೆ ನಿಂಗೇ ಗೊತ್ತು. ಇವತ್ತೊಂದಿನ ಇವನೇ ಓಡಿಸ್ಲಿ, ನೀನು ಪಕ್ಕದಲ್ಲಿ ಕೂತ್ಕೊ."

ಅಕ್ಕಪಕ್ಕದವರೂ ಹೌದು ಹೌದು ಎಂದರು. ಕೀಲಿ ಇನ್ನೂ ನನ್ನ ಕೈಯಲ್ಲೇ ಇತ್ತು. ಅತ್ತೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಮದುವೆಯಾದಾಗ್ನಿಂದ ಪಕ್ಕದಲ್ಲೇ ಕೂತಿದ್ದೆ ಕಣಣ್ಣ. ಆ ಕಡೆಯಿಂದ ಈ ರಸ್ತೆ ಪೂರ್ತಿ ನೋಡಿ ಆಯ್ತು."