ನೆನೆಯದ ಗೋಣಿಚೀಲ

“ಪಟಾಕಿ ಗಿಟಾಕಿ ಹಚ್ಬುಟ್ಟೀಯ ಕಣಪ್ಪಾ! ನಮ್ ಹಸ ಕರ ಹಾಕ್ತಾ ಐತೆ!” ಪಕ್ಕದ ಮನೆಯ ಲಕ್ಕಮ್ಮಜ್ಜಿ ಗೋಡೆಯಾಚೆಯಿಂದ ಕೂಗಿದರು.

ದೀಪಾವಳಿಯ ಸಂಜೆ, ಮಿಡಿಗೇಶಿಯ ನಮ್ಮ ಹಿತ್ತಲಲ್ಲಿ ಪಟಾಕಿ ಜೋಡಿಸಿ, ಮರಳಿನ ಬಕೆಟ್ ಇಟ್ಟು, ಕಿಡಿ ಬಿದ್ದರೆ ಮುಚ್ಚಲೆಂದು ತಂದ ಗೋಣಿಚೀಲವನ್ನು ಇನ್ನೇನು ನೀರಿಗೆ ಅದ್ದುವುದರಲ್ಲಿದ್ದೆ. ಗಾಳಿ ಎತ್ತ ಬೀಸುತ್ತದೆ, ಹುಲ್ಲಿನ ಬಣವೆ ಎಷ್ಟು ದೂರವಿದೆ ಎಂದೆಲ್ಲ ನೋಡಿಕೊಂಡವನು ಹಸುವನ್ನೇ ಮರೆತಿದ್ದೆ. ಚೀಲದ ಸಮೇತ ಓಡಿದೆ. ಆಗಲೇ ನೆಲಕ್ಕೆ ಬಿದ್ದಿದ್ದ ಕರು ನಡುಗುತ್ತಿತ್ತು. ಅಜ್ಜಿ ನನ್ನ ಕೈಯಿಂದ ಚೀಲ ಕಿತ್ತುಕೊಂಡು ಅದರ ಮೈ ಒರೆಸತೊಡಗಿದರು.

“ಒಣಗಿರೋದೇ ತಂದಿದ್ದೀಯ, ಒಳ್ಳೇದಾತು ಬುಡು.”

ಎರಡು ದಿನ ಬಿಟ್ಟು ಅಜ್ಜಿ ಗಿಣ್ಣು ತಂದುಕೊಟ್ಟರು. ಅದೇ ದಿನ ಸಂಜೆ ಅವರನ್ನು ಕೇಳಿಯೇ, ಸದ್ದಿಲ್ಲದ ಹೂಕುಂಡಗಳನ್ನಷ್ಟೇ ಹಚ್ಚಿದೆ. ಪಕ್ಕದಲ್ಲಿ ಬೇರೊಂದು ಗೋಣಿಚೀಲ ನೆನೆಸಿಟ್ಟಿದ್ದೆ. ಮೊದಲಿನದರ ಮೇಲೆ ಕರು ಮಲಗಿತ್ತು.